ಅಪ್ಪನ ಹಲ್ಲು

ರೀಮ್‌ಗೆ ಮೂರು ತುಂಬಿದ ವರ್ಷ ಶಿಶುವಿಹಾರದವರು ಅವಳನ್ನು ಮನೆಗೆ ವಾಪಸು ಕಳಿಸಿದರು. ಇನ್ನೊಂದು ಮಗುವಿನ ಕಿವಿಯನ್ನು ರಕ್ತ ಬರುವಂತೆ ಕಚ್ಚಿದ್ದಳು. ಸಲ್ವಾ ಮಗಳನ್ನು ಕಂಕುಳಲ್ಲಿ ಇರುಕಿಕೊಂಡು ಓಣಿಯಲ್ಲಿ ನಡೆದು ಬರುತ್ತಿದ್ದರೆ ಮಗು ಅವಳ ಭುಜಕ್ಕೂ ಬಾಯಿ ಹಾಕುತ್ತಿತ್ತು. ಬಾಗಿಲ ಮುಂದೆ ಕೂತು ಗೋರಂಟಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಅವರಲ್ಲೊಬ್ಬಳು, ಸಲ್ವಾಗೆ ಕೇಳಲಿ ಅಂತಲೇ, "ಹಲ್ಲು ಅಪ್ಪಂದೇ ಬಿಡು," ಎಂದಳು.

ಆ ಅಪ್ಪನ ಹಲ್ಲು ಗಾಬೆಸ್ ಊರಿನ ನಮ್ಮ ಕೇರಿಯಲ್ಲಿ ವಯಸ್ಸಾದವರಿಗೆಲ್ಲ ಗೊತ್ತಿತ್ತು. ನನಗಂತೂ ಚೆನ್ನಾಗಿಯೇ ಗೊತ್ತಿತ್ತು. ಆ ಅಪ್ಪ, ಲಸಾದ್, ಹುಟ್ಟಿದಾಗ ನನಗೆ ಹನ್ನೊಂದು ವರ್ಷ. ಅವರ ಮನೆಗೂ ನಮ್ಮ ಮನೆಗೂ ಮಧ್ಯೆ ಒಂದೇ ಗೋಡೆ, ಮಾಳಿಗೆಯೂ ಹೆಚ್ಚುಕಮ್ಮಿ ಒಂದೇ. ಅವನನ್ನು ಎತ್ತಿ ಆಡಿಸಿದ ಕೈಗಳಲ್ಲಿ ನನ್ನವೂ ಸೇರಿವೆ, ಕಚ್ಚಿಸಿಕೊಂಡ ಕೈಗಳಲ್ಲೂ ಸೇರಿವೆ.

ಅವನ ತಾಯಿ ಮಬ್ರೂಕತ್ತೆ. ಲಸಾದ್ ಹುಟ್ಟಿದ ತಿಂಗಳಲ್ಲೇ ಅತ್ತೆಯ ತಾಯಿ ತೀರಿಹೋದರು. ಅತ್ತೆ ಬಾಣಂತಿ, ಹೋಗಿ ಮುಖ ನೋಡಲೂ ಆಗಲಿಲ್ಲ. ಆಮೇಲೆ ಅವರು ಹಾಸಿಗೆ ಬಿಟ್ಟು ಏಳಲಿಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದಳು. ಅದು ಪೂರ್ತಿ ನಿಜವಲ್ಲ. ಏಳುತ್ತಿದ್ದರು, ರೊಟ್ಟಿ ತಟ್ಟುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಆದರೆ ಕೆಲಸ ಮುಗಿದ ಕೂಡಲೇ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಮಗು ಅತ್ತು ಅತ್ತು ನೀಲಿಯಾದಾಗ ನಮ್ಮಮ್ಮ ಮಾಳಿಗೆ ಹತ್ತಿ ಆಚೆ ಇಳಿದು ಎತ್ತಿಕೊಂಡು ಬರುತ್ತಿದ್ದಳು. ಬಂದವನಿಗೆ ನಮ್ಮ ಮನೆಯಲ್ಲೂ ನಿದ್ದೆ ಬರುತ್ತಿರಲಿಲ್ಲ. ಕಿವಿ ಸೋರುತ್ತಿತ್ತು. ಬಿಸಿ ಎಣ್ಣೆ ಬಿಡುತ್ತಿದ್ದರು, ಒಂದೆರಡು ವಾರ ನಿಲ್ಲುತ್ತಿತ್ತು, ಮತ್ತೆ ಸೋರುತ್ತಿತ್ತು.

ಅವನು ಮಾತಾಡಲು ಶುರುಮಾಡಿದ್ದು ಬಹಳ ತಡ. ಓರಗೆಯ ಮಕ್ಕಳು ಪದ್ಯ ಹೇಳುವಾಗ ಇವನ ಬಾಯಲ್ಲಿ "ಕೊಡು", "ಬೇಡ" ಬಿಟ್ಟು ಬೇರೆ ಇರಲಿಲ್ಲ. ಬೇಕಾದ್ದನ್ನು ಹೇಳಲು ಬಾರದವನು ಕಿತ್ತುಕೊಳ್ಳುತ್ತಿದ್ದ, ಕೊಡದಿದ್ದರೆ ಕಚ್ಚುತ್ತಿದ್ದ. ತಂದೆ ಹಮ್ಮಾದಿ ಲಾರಿ ಓಡಿಸುತ್ತಿದ್ದರು. ವಾರಕ್ಕೊಮ್ಮೆ ಮನೆಗೆ ಬಂದಾಗ ಬಾಗಿಲಲ್ಲೇ ಅವರಿಗೆ ದೂರುಗಳ ಸರಮಾಲೆ. ಸೊಂಟದ ಬೆಲ್ಟು ಬಿಚ್ಚುವುದೇ ಅವರಿಗೆ ಗೊತ್ತಿದ್ದ ಉತ್ತರ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?" ಅನ್ನುತ್ತ ಬಾರಿಸುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಅದೇ ಕೈಯಲ್ಲಿ ಮಗನಿಗೆ ಸ್ಫಾಕ್ಸ್‌ನಿಂದ ಬಾದಾಮಿ ಮಿಠಾಯಿ ತರುತ್ತಿದ್ದರು. ಯಾವ ವಾರ ಮಿಠಾಯಿ, ಯಾವ ವಾರ ಬೆಲ್ಟು ಅನ್ನುವುದು ಮಾತ್ರ ಹುಡುಗನಿಗೆ ತಿಳಿಯುತ್ತಿರಲಿಲ್ಲ.

ಮದರಸಾದ ಉಸ್ತಾದರು ಅವನನ್ನು ಕೆಲವೇ ದಿನ ಇಟ್ಟುಕೊಂಡರು. ಶಾಲೆಯಲ್ಲಿ ಹಿಂದಿನ ಸಾಲು ಖಾಯಂ ಆಯಿತು. ಸೋರುವ ಕಿವಿಗೆ ಹಿಂದಿನ ಸಾಲಿನಲ್ಲಿ ಏನು ಕೇಳಿಸೀತು ಎಂದು ಯಾರೂ ಯೋಚಿಸಲಿಲ್ಲ. ಬೆಳೆಯುವ ಪೈರು ಮೊಳಕೆಯಲ್ಲೇ ಕಾಣುತ್ತದೆ ಅಂತ ಕೇರಿಯೆಲ್ಲ ಮಾತಾಡಿತು. ಬೇರೆ ಮಕ್ಕಳನ್ನು ತಾಯಂದಿರು ಒಳಗೆ ಕರೆದುಕೊಂಡರು. ಅವನ ಜೊತೆ ಆಡಲು ಉಳಿದವರು ಅವನಂಥವರೇ. ಹದಿಮೂರಕ್ಕೆ ಅವನು ಶಾಲೆ ಬಿಟ್ಟು ಅವರ ಜೊತೆ ಬಸ್ ನಿಲ್ದಾಣದ ಹಿಂದೆ ಸೇರಿದ. ಮೋಟಾರ್ ಬೈಕು ಕದಿಯುತ್ತಾರೆ ಅಂತ ಸುದ್ದಿ ಬಂತು, ಆಮೇಲೆ ಸಾಬೀತೂ ಆಯಿತು. ಹದಿನಾರರಲ್ಲಿ ಒಂದು ಸಂಜೆ ಯಾವುದೋ ಮಾತಿಗೆ ಮಾತು ಬೆಳೆದು, ನೆಬಿಲ್ ಅನ್ನುವ ಹುಡುಗನ ಮುಖಕ್ಕೆ ಇವನು ಒಡೆದ ಸೀಸೆ ಬೀಸಿದ. ನೆಬಿಲ್‌ನ ಒಂದು ಕಣ್ಣು ಹೋಯಿತು.

ಅದಕ್ಕೆ ಸಮಾಧಾನ ಹೇಳುವ ಮಾತು ನನ್ನ ಬಳಿ ಇಲ್ಲ. ಲಸಾದ್ ಬಾಲಾಪರಾಧಿಗಳ ಮನೆಗೆ ಹೋದ. ತಿರುಗಿ ಬಂದಾಗ ಹೆಗಲು ಅಗಲವಾಗಿತ್ತು, ಮಾತು ಇನ್ನೂ ಕಡಿಮೆಯಾಗಿತ್ತು. ಓಣಿಯಲ್ಲಿ ಅವನು ಎದುರಾದರೆ ಜನ ಆಚೆ ಬದಿಗೆ ಸರಿಯುತ್ತಿದ್ದರು.

ಅವನಿಗೆ ಕೆಲಸ ಕೊಟ್ಟದ್ದು ಖಮೀಸಜ್ಜ. ತೋಟದಲ್ಲಿ ಖರ್ಜೂರದ ಮರ ಹತ್ತಿ ನೀರಾ ಇಳಿಸುವುದು ಅಜ್ಜನ ಕಸುಬು. ಮಂಡಿ ಹಿಡಿದುಕೊಂಡು ಹತ್ತಲಾಗದೆ ಒಬ್ಬ ಗಟ್ಟಿ ಕಾಲಿನವನನ್ನು ಹುಡುಕುತ್ತಿದ್ದ. ಬುದ್ಧಿ ಹೇಳುವ ಸ್ವಭಾವ ಅಜ್ಜನದಲ್ಲ. ಹಳೆಯದನ್ನು ಕೆದಕಲೂ ಇಲ್ಲ. ಮೊದಲ ದಿನ ಅವನು ಹೇಳಿದ್ದು ಇಷ್ಟೇ ಅಂತ ಲಸಾದ್ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದ: "ನೋಡಪ್ಪ, ಮೇಲೆ ಹೋಗಿ ಕೋಪ ಮಾಡ್ಕೊಂಡ್ರೆ ಬೀಳ್ತೀಯ. ಕೋಪ ಬಂದ್ರೆ ಇಳಿದು ಬಾ, ಕೆಳಗೆ ನಿಂತು ಎಷ್ಟು ಬೇಕಾದ್ರೂ ಮಾಡ್ಕೋ. ಮರ ಎಲ್ಲೂ ಹೋಗಲ್ಲ."

ಅವನು ಆ ಕೆಲಸದಲ್ಲೇ ನಿಂತ. ಬೆಳಿಗ್ಗೆ ಬಿಸಿಲೇರುವ ಮೊದಲು ಮರದ ತಲೆಯನ್ನು ಹದವಾಗಿ ಕೆತ್ತುವುದು, ಮಡಕೆ ಕಟ್ಟುವುದು, ತುಂಬಿದ್ದನ್ನು ಇಳಿಸುವುದು. ಹುಳಿಯಾಗುವ ಮುಂಚೆ ನೀರಾ ಮಾರಿ ಮುಗಿಸಬೇಕು. ಅವಸರವೂ ಕೂಡದು, ಆಲಸ್ಯವೂ ಕೂಡದು. ಖಮೀಸಜ್ಜ ಸತ್ತಾಗ ಅವನ ಶವಕ್ಕೆ ಹೆಗಲು ಕೊಟ್ಟವರಲ್ಲಿ ಲಸಾದ್ ಮುಂದಿದ್ದ. ಆಮೇಲೆ ಆ ಮರಗಳನ್ನು ತಾನೇ ನೋಡಿಕೊಂಡ. ಮದುವೆ ತಡವಾಗಿ ಆಯಿತು. ಸಲ್ವಾ ಮತ್ಮಾತಾ ಕಡೆಯ ಬೆಟ್ಟದ ಹುಡುಗಿ, ಇಲ್ಲಿ ಅವಳಿಗೆ ಅಂತ ಯಾರೂ ಇರಲಿಲ್ಲ. ನಕ್ಕರೆ ಓಣಿಯ ಆಚೆ ತುದಿಗೆ ಕೇಳುವಂತೆ ನಗುತ್ತಿದ್ದಳು. ರೀಮ್ ಹುಟ್ಟಿದ ಮೇಲೆ ಆ ನಗು ಕೇಳಿಸದೇ ಹೋದದ್ದನ್ನು ನಾವು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಮಗುವಿನ ಕಿರುಚಾಟವೇ ಜೋರಾಗಿತ್ತಲ್ಲ.

ಶಿಶುವಿಹಾರದಿಂದ ವಾಪಸು ಬಂದ ಮರುದಿನ ಸಲ್ವಾ ಮಾಳಿಗೆಯಿಂದ ನನ್ನನ್ನು ಕೂಗಿದಳು. ಊಟದ ಹೊತ್ತಿಗೆ ರೀಮ್ ಗೋಧಿರವೆಯ ಕೂಸ್‌ಕೂಸ್‌ನ ತಟ್ಟೆಯನ್ನು ಅಪ್ಪನ ಮುಖದ ಮೇಲೆ ಎಸೆದಿದ್ದಳಂತೆ. ಅವನ ಕೈ ಮೇಲೆದ್ದಿತಂತೆ. ಎದ್ದ ಕೈಯನ್ನು ತಾನೇ ನೋಡಿ, ಮುಖ ಒರೆಸಿಕೊಳ್ಳದೆ ಹೊರಗೆ ಹೋದವನು ಇನ್ನೂ ಬಂದಿಲ್ಲ ಎಂದಳು.

ನಾನು ತೋಟಕ್ಕೆ ಹೋದೆ. ಹುಡುಕುವುದೇನಿರಲಿಲ್ಲ. ದಾಳಿಂಬೆ ಗಿಡಗಳ ನಡುವಿನ ಎತ್ತರದ ಮರದ ಬುಡದಲ್ಲಿ ಅವನ ಚಪ್ಪಲಿ ಬಿದ್ದಿದ್ದವು. ಕತ್ತೆತ್ತಿ ಕರೆದೆ. 

"ಇಳಿಯೋ. ನಿನ್ನ ಹೆಂಡತಿ ಹೆದರಿದಾಳೆ."

"ಅವಳನ್ನೂ ಮಗೂನೂ ಅವಳ ತವರಿಗೆ ಕಳಿಸಿಬಿಡಿ, ಹೆದಿಯಕ್ಕ. ನನ್ನ ಹತ್ರ ಬೇಡ."

"ಹೇಳೋದನ್ನ ಕೆಳಗೆ ಬಂದು ಹೇಳು. ನನ್ನ ಕತ್ತು ನೋಯ್ತಿದೆ."

ಇಳಿದ. ಗಡ್ಡದಲ್ಲಿ ಇನ್ನೂ ಅನ್ನದ ಅಗುಳಿನಂತೆ ಕೂಸ್‌ಕೂಸ್ ಅಂಟಿತ್ತು. ನಾನು ಕಾಲುವೆ ಕಡೆ ಕೈ ತೋರಿಸಿದೆ, ತೊಳೆದುಕೊಂಡು ಬಂದು ಕೂತ. ಆಮೇಲೆ ಕೇಳಿದ: "ನಾನು ಅಷ್ಟು ಚಿಕ್ಕೋನಿದ್ದಾಗ ಹೀಗೇ ಇದ್ನಾ?"

ಇದ್ದೆ ಅಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ಕಚ್ಚುತ್ತಿದ್ದೆ, ನಿದ್ದೆ ಮಾಡುತ್ತಿರಲಿಲ್ಲ, ಮಾತು ತಡವಾಯಿತು, ಕಿವಿ ಸೋರುತ್ತಿತ್ತು ಅಂತ ನೆನಪಿದ್ದದ್ದನ್ನೆಲ್ಲ ಹೇಳಿದೆ. ಅವನು ನೆಲ ನೋಡುತ್ತ ಕೇಳಿಸಿಕೊಂಡ.

"ಹಾಗಾದ್ರೆ ರಕ್ತದಲ್ಲೇ ಇದೆ. ನೆಬಿಲ್‌ಗೆ ನಾನು ಮಾಡಿದ್ದನ್ನ ಇವಳು ಇನ್ಯಾರಿಗೋ ಮಾಡ್ತಾಳೆ."

ನನಗೇನು ಗೊತ್ತು? ಆಗಬಹುದು, ಆಗದೇ ಇರಬಹುದು. ನಿನ್ನಮ್ಮನನ್ನು ಕೇಳು, ನನಗಿಂತ ಅವರಿಗೆ ಹೆಚ್ಚು ಗೊತ್ತು ಅಂದೆ. ಅವನು ಅದುವರೆಗೆ ತನ್ನ ತಾಯಿಯನ್ನು ಹಳೆಯದು ಏನನ್ನೂ ಕೇಳಿದವನಲ್ಲ.

ಆ ಶುಕ್ರವಾರ, ಹಳೆಯ ಮನೆಯನ್ನು ಮಗ ಸೊಸೆಗೆ ಬಿಟ್ಟು ಪಕ್ಕದ ಓಣಿಯಲ್ಲಿದ್ದ ಮಬ್ರೂಕತ್ತೆಯ ಮನೆಗೆ ನನ್ನನ್ನೂ ಕರೆದುಕೊಂಡು ಹೋದ. ಹಮ್ಮಾದಿ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಅತ್ತೆ ಚಾಪೆಯ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಮಗ ತಡವರಿಸಿ ತಡವರಿಸಿ ಕೇಳಿದ್ದನ್ನು ಕೇಳಿ ಅವರ ಕೈ ನಿಲ್ಲಲಿಲ್ಲ.

"ನಿನ್ನ ಮುಖ ನೋಡೋಕೆ ನಂಗೆ ಆಗ್ತಿರ್ಲಿಲ್ಲಪ್ಪ," ಎಂದರು. "ನೀನು ಅಳ್ತಿದ್ದೆ, ನಂಗೆ ಕೇಳ್ತಿತ್ತು. ಎದ್ದು ಎತ್ಕೋಬೇಕು ಅಂತ ಗೊತ್ತು. ಬಾವಿ ತಳದಲ್ಲಿ ಕೂತು ಮೇಲಿನ ಮಾತು ಕೇಳಿಸ್ಕೊಂಡ ಹಾಗೆ. ಹೆದಿಯಾನ ಅಮ್ಮ ಬಂದು ನಿನ್ನ ಎತ್ಕೊಂಡು ಹೋದ್ರೆ, ಸದ್ಯ ಹೋಯ್ತಲ್ಲ ಅನ್ಸೋದು. ನಿಂಗೆ ಎರಡು ತುಂಬೋ ತನಕ ಹಂಗೇ ಇತ್ತು. ಒಂದು ದಿನ ಸ್ವಲ್ಪ ಬೆಳಕಾಯ್ತು. ಅಷ್ಟೊತ್ತಿಗೆ ನೀನು ನನ್ನ ಹತ್ರ ಬರೋದು ಬಿಟ್ಟಿದ್ದೆ."

"ಯಾರಿಗೂ ಹೇಳ್ಲಿಲ್ವಾ ಅಮ್ಮ?"

"ಯಾರು ಕೇಳಿದ್ರು?"

ಅವನು ಚಾಪೆಯ ಆಚೆ ತುದಿಯಲ್ಲಿ ಕೂತು ತಾನೂ ತೊಟ್ಟು ಮುರಿಯತೊಡಗಿದ. ಮೆಣಸಿನ ಘಾಟಿಗೆ ನಮ್ಮ ಮೂವರ ಕಣ್ಣಲ್ಲೂ ನೀರು ಬರುತ್ತಿತ್ತು, ಹಾಗಾಗಿ ಯಾರೂ ಯಾರದನ್ನೂ ವಿಚಾರಿಸಲಿಲ್ಲ. ಎದ್ದು ಹೊರಡುವಾಗ ಅವನು ಬಾಗಿಲಲ್ಲಿ ತಟಕ್ಕನೆ ನಿಂತು, "ಸಲ್ವಾನೂ ಹಂಗೇ ಮಲಗ್ತಾಳೆ," ಎಂದ. ಹೇಗೆ ಅಂತ ಕೇಳಿದೆ. "ಗೋಡೆ ಕಡೆ," ಎಂದ.

ಮಕ್ಕಳ ಡಾಕ್ಟರ ಬಳಿಗೆ ಹೋಗುವ ದಾರಿ ಹಾಗೆ ತೆರೆಯಿತು. ದೊಡ್ಡಾಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಸಿಹೆಮ್ ಅನ್ನುವ ವೈದ್ಯೆ ಬರುತ್ತಿದ್ದರು, ಇಂಥ ಮಕ್ಕಳನ್ನೇ ನೋಡುವವರು. ನೀರಾ ಕುಡಿಯಲು ಬರುತ್ತಿದ್ದ ಒಬ್ಬ ನರ್ಸು ಹೇಳಿದ್ದು. ಗಂಡ, ಹೆಂಡತಿ, ಮಗು ಮೂವರೂ ಹೋದರು, ಮಗು ಕುರ್ಚಿಗಳನ್ನೆಲ್ಲ ಉರುಳಿಸಿತು. ಸಿಹೆಮ್ ಡಾಕ್ಟರು ಕುರ್ಚಿ ಎತ್ತಿ ನಿಲ್ಲಿಸಲೂ ಹೋಗದೆ ನೆಲದ ಮೇಲೆ ಕೂತು ಎಲ್ಲ ಕೇಳಿದರಂತೆ: ಬಸುರಿಯಾಗಿದ್ದಾಗ ಹೇಗಿತ್ತು, ನಿದ್ದೆ ಹೇಗೆ, ಎಷ್ಟು ಮಾತು ಬರುತ್ತದೆ, ಮನೆಯಲ್ಲಿ ಯಾರು ಯಾರಿಗೆ ಹೊಡೆಯುತ್ತಾರೆ. ಕಿವಿ ಪರೀಕ್ಷೆ ಮಾಡಿಸಿದರು, ಚೆನ್ನಾಗಿತ್ತು. ಲಸಾದ್ ತನ್ನ ಕತೆಯನ್ನೂ ಹೇಳಿ, ಸೀಸೆಯ ವಿಷಯವನ್ನೂ ಬಿಡದೆ ಹೇಳಿ, ಇವಳೂ ಹಾಗೇ ಆಗುತ್ತಾಳಾ ಅಂತ ನೇರವಾಗಿ ಕೇಳಿದ.

ಡಾಕ್ಟರ ಉತ್ತರವನ್ನು ಅವನು ಆಮೇಲೆ ಎಷ್ಟು ಸಲ ನಮಗೆಲ್ಲ ಹೇಳಿದ್ದಾನೆ ಅಂದರೆ ನನಗೂ ಬಾಯಿಪಾಠ. "ಇಷ್ಟು ಚಿಕ್ಕ ವಯಸ್ಸಲ್ಲಿ ಕಚ್ಚೋ ಮಕ್ಕಳಲ್ಲಿ ಹೆಚ್ಚಿನವು ದೊಡ್ಡವಾಗೋ ಹೊತ್ತಿಗೆ ಬಿಟ್ಟುಬಿಡ್ತವೆ. ಕೆಲವು ಬಿಡಲ್ಲ. ನಿಮ್ಮದು ಯಾವ ಗುಂಪು ಅಂತ ಹೇಳೋಕೆ ನಂಗೆ ಬರಲ್ಲ. ಆದ್ರೆ ಯಾವುದು ಅದನ್ನ ಹೆಚ್ಚು ಮಾಡುತ್ತೆ ಅಂತ ಗೊತ್ತು. ಹೊಡೆತ ಮಾಡುತ್ತೆ. ತಾಯಿಗೆ ಹುಷಾರಿಲ್ದೆ ಯಾರೂ ನೋಡ್ಕೊಳ್ದೆ ಬಿಟ್ರೆ ಮಾಡುತ್ತೆ. ಎಲ್ಲರೂ ದೂರ ಇಟ್ರೆ ಮಾಡುತ್ತೆ. ಅದಷ್ಟೂ ನಿಮ್ಮ ಕೈಲಿದೆ."

ಆಮೇಲೆ ಅವರು ಸಲ್ವಾ ಕಡೆ ತಿರುಗಿ, ನೀವು ಹೇಗಿದ್ದೀರಿ ಅಂತ ಕೇಳಿದರಂತೆ. ಸಲ್ವಾ ಅಲ್ಲೇ, ಬಿದ್ದ ಕುರ್ಚಿಗಳ ಮಧ್ಯೆ, ಎಂದೂ ಅಳದಷ್ಟು ಅತ್ತಳು. ಅವಳಿಗೆ ಮಾತ್ರೆ ಕೊಟ್ಟರು, ವಾರ ವಾರ ಬರಲು ಹೇಳಿದರು. ಮುಖ್ಯವಾಗಿ, ಬೆಳಗಿನ ಹೊತ್ತು ತಾನಾಗಿ ಎಚ್ಚರವಾಗುವ ತನಕ ಅವಳು ಮಲಗಲಿ ಎಂದರು.

ಬೆಳಗಿನ ಹೊತ್ತು ಮಗುವನ್ನು ನೋಡುವವರು ಯಾರು? ಲಸಾದ್ ತೋಟಕ್ಕೆ ಕರೆದುಕೊಂಡು ಹೋಗಲು ಶುರುಮಾಡಿದ. ಅವನು ಮರದ ಮೇಲಿರುವಾಗ ನಾನು ಕೆಳಗೆ ರೀಮ್ ಜೊತೆ ಇರುತ್ತಿದ್ದೆ. ಮಾರಾಟ ಮುಗಿದ ಮೇಲೆ ಅವನಿಗೆ ಇನ್ನೊಂದು ಕೆಲಸ ಇತ್ತು, ಡಾಕ್ಟರು ಹೇಳಿಕೊಟ್ಟದ್ದು. ದಿನಾ ಸ್ವಲ್ಪ ಹೊತ್ತು ಮಗಳ ಎದುರು ನೆಲದ ಮೇಲೆ ಕೂರಬೇಕು. ಅವಳು ಮಾಡಿದ್ದನ್ನೇ ಮಾಡಬೇಕು. ಅದು ಮಾಡು, ಇದು ಬಿಡು ಅನ್ನಬಾರದು. ಮಾಡುತ್ತಿರುವುದನ್ನು ಬಾಯಲ್ಲಿ ಹೇಳುತ್ತ ಹೋಗಬೇಕು.

ಆ ದೃಶ್ಯ ನೋಡಲು ಜನ ನಿಲ್ಲುತ್ತಿದ್ದರು. ಆ ಅಗಲ ಹೆಗಲಿನ ಮನುಷ್ಯ ಕಾಲುವೆ ಪಕ್ಕ ಕೂತು, ಡಬ್ಬಿಗೆ ಕೆಸರು ತುಂಬುತ್ತ, "ರೀಮ್ ಕೆಸರು ಹಾಕಿದ್ಲು, ಅಪ್ಪನೂ ಕೆಸರು ಹಾಕ್ದ, ರೀಮ್ ಸುರಿದ್ಲು," ಅಂತ ಗೊಣಗುತ್ತಿದ್ದ. ಮೊದಮೊದಲು ಅವನ ಕಿವಿ ನಾಚಿಕೆಗೆ ಕೆಂಪಾಗುತ್ತಿತ್ತು. ಪಕ್ಕದ ತೋಟದವರು, "ಲಸಾದ್, ಇವತ್ತು ಕೆಸರು ಹೇಗೆ, ಡಬ್ಬಿಗೆ ಎಷ್ಟು?" ಅಂತ ಛೇಡಿಸುತ್ತಿದ್ದರು. "ನಿಂಗೆ ಪುಕ್ಕಟೆ, ಬಾಯಿ ತೆಗಿ," ಅನ್ನುತ್ತಿದ್ದ. ಅವನ ಬಾಯಿಂದ ಹಾಸ್ಯ ಬಂದದ್ದನ್ನು ನಾನು ಮೊದಲು ಕೇಳಿದ್ದು ಆಗಲೇ.

ಮಗು ತಕ್ಷಣ ಬದಲಾಗಲಿಲ್ಲ. ಆ ಚಳಿಗಾಲವೆಲ್ಲ ಕಚ್ಚುವುದು ಇತ್ತು. ಆದರೆ ಮಾತು ಮೊದಲು ಬಂತು. ಕೆಸರು, ಡಬ್ಬಿ, ಮೇಲೆ, ಅಪ್ಪ. ವಸಂತದ ಹೊತ್ತಿಗೆ ಕೋಪ ಬಂದರೆ "ಕಚ್ತೀನಿ!" ಅಂತ ಕೂಗಿ ಹೇಳುವಷ್ಟಾಯಿತು. ಹೇಳಿದ ಮೇಲೆ ಅರ್ಧಕ್ಕರ್ಧ ಸಲ ಕಚ್ಚುತ್ತಿರಲಿಲ್ಲ. ಸಲ್ವಾ ಅದನ್ನು ಕೇಳಿ ಒಂದು ದಿನ ನಕ್ಕಳು. ಓಣಿಯ ಆಚೆ ತುದಿಗೇನೂ ಕೇಳಲಿಲ್ಲ, ಆದರೆ ನಮ್ಮ ಮಾಳಿಗೆಗೆ ಕೇಳಿತು.

ಜಾರಾ ಸಂತೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ರಂಜಾನಿನ ಹಿಂದಿನ ವಾರ, ಸಂತೆ ತುಂಬಿ ತುಳುಕುತ್ತಿತ್ತು. ಹೆಣೆದ ಬುಟ್ಟಿಯೊಂದು ಬೇಕು ಅಂತ ರೀಮ್ ಹಟ ಹಿಡಿದಳು, ಲಸಾದ್ ಇಲ್ಲ ಅಂದ. ಅವಳು ಗೋರಂಟಿ ಪುಡಿಯ ಮೂಟೆಗಳ ನಡುವೆ ಬಿದ್ದು ಒದ್ದಾಡಿ ಕಿರುಚತೊಡಗಿದಳು. ದಾರಿ ಕಟ್ಟಿತು. ಲಸಾದ್ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ, ತಲೆ ಮೂಟೆಗೆ ಬಡಿಯದಂತೆ ಅಂಗೈ ಅಡ್ಡ ಇಟ್ಟು ಕಾದ. ಮಸಾಲೆ ಮಾರುವ ಮುದುಕನಿಗೆ ತಡೆಯಲಾಗಲಿಲ್ಲ.

"ಎರಡು ಬಿಟ್ರೆ ಎದ್ದು ಕೂರ್ತಾಳೆ. ನಿಮ್ಮಪ್ಪ ನಿಂಗೆ ಹಾಗೇ ಬುದ್ಧಿ ಕಲಿಸ್ತಿದ್ದ, ನಾನೇ ನೋಡಿದೀನಿ."

ಲಸಾದ್ ಕೈ ತೆಗೆಯದೆ ಕತ್ತೆತ್ತಿ ಹೇಳಿದ: "ಬಿಟ್ಟಿದ್ದನ್ನ ನೋಡಿದೀರಿ. ಆಮೇಲೆ ನಾನು ಏನಾದೆ ಅನ್ನೋದನ್ನೂ ನೋಡಿದೀರಿ."

ದನಿ ಏರಿಸಲಿಲ್ಲ. ಮುದುಕ ಮೂಟೆಯ ಬಾಯಿ ಸರಿ ಮಾಡುವ ನೆಪದಲ್ಲಿ ಬಗ್ಗಿದ. ರೀಮ್ ಅತ್ತು ಅತ್ತು ಸುಸ್ತಾಗಿ, ಕೊನೆಗೆ ಅಪ್ಪನ ಮೊಣಕಾಲಿಗೆ ಮುಖ ಒತ್ತಿದಳು. ಬುಟ್ಟಿ ಕೊಡಿಸಲಿಲ್ಲ. ಎತ್ತಿಕೊಂಡು ಮನೆಗೆ ಬಂದ. ಇಬ್ಬರ ಮೈಯೂ ಗೋರಂಟಿ ಪುಡಿಯಿಂದ ಹಸಿರಾಗಿತ್ತು.

ಎಲ್ಲವೂ ನೇರ್ಪಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ನೆಬಿಲ್ ಇದೇ ಊರಲ್ಲಿದ್ದಾನೆ, ಮೀನು ಮಾರುಕಟ್ಟೆಯ ಹತ್ತಿರ ಅಂಗಡಿ. ಲಸಾದ್ ಒಮ್ಮೆ ಹೋಗಿ ಕ್ಷಮೆ ಕೇಳಿದ. ನೆಬಿಲ್ ಕೇಳಿಸಿಕೊಂಡು, "ಹೇಳಿದ್ಯಲ್ಲ, ಹೋಗು," ಎಂದನಂತೆ. ಅಷ್ಟೇ. ಇವತ್ತಿಗೂ ಅವನು ನೀರಾ ಕುಡಿಯಲು ನಮ್ಮ ತೋಟದ ಕಡೆ ಬರುವುದಿಲ್ಲ, ಲಸಾದ್ ಕೂಡ ಅದನ್ನು ನಿರೀಕ್ಷಿಸುವುದಿಲ್ಲ. ಸಲ್ವಾಗೆ ಎರಡನೆಯ ಮಗುವಾದಾಗ ಕತ್ತಲೆ ಮತ್ತೆ ಬಂತು, ಆದರೆ ಆ ಸಲ ಅವಳು ತಾನೇ ಆಸ್ಪತ್ರೆಗೆ ಹೋದಳು, ಮಬ್ರೂಕತ್ತೆ ಜೊತೆಗೆ ಹೋದರು. ಸೊಸೆಯ ಹಾಸಿಗೆಯ ಪಕ್ಕ ಅವರೇ ಕೂತು, ತಮಗೆ ಏನೇನಾಗಿತ್ತು ಅಂತ ಅವಳಿಗೆ ಹೇಳುತ್ತಿದ್ದರು. ಅತ್ತೆಸೊಸೆ ಹಾಗೆ ಕೂತು ಮಾತಾಡುವುದನ್ನು ನಮ್ಮ ಓಣಿ ಕಂಡಿರಲಿಲ್ಲ.

ರೀಮ್‌ಗೆ ಈಗ ಹದಿನಾಲ್ಕು. ದೇವತೆಯೇನಲ್ಲ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ, ಲೆಕ್ಕದ ಮೇಷ್ಟರಿಗೂ ಅವಳಿಗೂ ಆಗುವುದಿಲ್ಲ. ಹೋದ ತಿಂಗಳು ಶಾಲೆಯಿಂದ ಅಪ್ಪನಿಗೆ ಕರೆ ಬಂತು, ತರಗತಿಯ ಹುಡುಗನೊಬ್ಬನ ಕಪಾಳಕ್ಕೆ ಬಾರಿಸಿದ್ದಳು. ಆದರೆ ಶಾಲೆಯವರು ಫೋನು ಮಾಡುವ ಮೊದಲೇ ಅವಳು ತೋಟಕ್ಕೆ ಓಡಿ ಬಂದು ಮರದ ಕೆಳಗೆ ನಿಂತು ಎಲ್ಲ ಹೇಳಿದ್ದಳು. ನಾನು ಅಲ್ಲೇ ಇದ್ದೆ.

"ಅವನು ಅಮ್ಮನ್ನ ಹುಚ್ಚಿ ಅಂದ," ಎಂದಳು. "ಹೊಡೆದಿದ್ದು ತಪ್ಪು, ಗೊತ್ತು. ಕ್ಷಮೆ ಕೇಳ್ತೀನಿ. ಆದ್ರೆ ಅವನೂ ಕೇಳ್ಬೇಕು."

ಲಸಾದ್ ಮಡಕೆ ಹಿಡಿದು ನಿಧಾನವಾಗಿ ಇಳಿದ. ಅವಳಿಗೊಂದು ಲೋಟ ಸುರಿದುಕೊಟ್ಟು, ತಾನೂ ಕುಡಿದು, "ನೀನು ಕೇಳು. ಅವನು ಕೇಳೋದು ಬಿಡೋದು ಅವನ ಪಾಡು," ಎಂದ. ಇಬ್ಬರೂ ಒಟ್ಟಿಗೆ ಶಾಲೆಗೆ ಹೋದರು. ಅವಳು ಎಲ್ಲರೆದುರು ಕ್ಷಮೆ ಕೇಳಿದಳು. ಆ ಹುಡುಗ ಕೇಳಲಿಲ್ಲ. ಮನೆಗೆ ಬಂದವಳೇ ಅಂಗಳದ ಬಾಗಿಲಿಗೆ ಜಾಡಿಸಿ ಒದ್ದಳು, ಚಿಲಕ ಕಿತ್ತುಬಂತು. ಆಮೇಲೆ ಕೈಕಾಲು ತೊಳೆದು ಕೂತು, ಅಜ್ಜಿ ಮಾಡಿದ ಜವೆಗೋಧಿ ರೊಟ್ಟಿಯನ್ನು ಹರಿಸ್ಸಾ ಚಟ್ನಿಗೆ ಅದ್ದಿ ಹೊಟ್ಟೆ ತುಂಬ ತಿಂದಳು. ಸಂಜೆ ಅಪ್ಪ ಮಗಳು ಸೇರಿ ಚಿಲಕ ಕೂರಿಸಲು ಮೊಳೆ ಹೊಡೆಯುವ ಸದ್ದು ನಮ್ಮ ಮನೆಗೆ ಕೇಳಿಸುತ್ತಿತ್ತು. ಮೊಳೆ ಸೊಟ್ಟಗಾಯಿತು ಅಂತ ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತಿದ್ದರು.